ಪಿನ್ ಹಾಕಿಯೇನಪಾ?

ಕಳೆದ ತಿಂಗಳು ನಮ್ಮ ಪೋಸ್ಟ್ ಮಾಮ ತೀರಿಕೊಂಡರು. ಶಾಲೆಯ ಸಂಚಿಕೆಗೆ ಬರೆದುಕೊಡಿ ಅಂತ ಕೇಳಿದಾಗ ನಮ್ಮ ಗಣಿತದ ಮೇಷ್ಟ್ರ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಆದರೆ ಕಣ್ಣ ಮುಂದೆ ಬಂದವರು ಇವರೇ. ಒಂದು ದಿನವೂ ಕ್ಲಾಸಿನೊಳಗೆ ಕಾಲಿಟ್ಟವರಲ್ಲ. ಆದರೂ ನನಗೆ ಅವರು ಮೇಷ್ಟ್ರೇ.

ನಮ್ಮದು ಮುಂಬಯಿ ಫೋರ್ಟಿನ ಕನ್ನಡ ರಾತ್ರಿ ಶಾಲೆ. 1980ರ ದಶಕದ ಮಾತು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಮುಖ ತೊಳೆದು, ಪುಸ್ತಕ ಹಿಡಿದು ಓಡಿ ಬರುವ ಹುಡುಗರು ನಾವು. ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಮಾಮ ಮಾತ್ರ ವಿಜಾಪುರದವರು. ಅಂಚೆ ಕೆಲಸದಿಂದ ನಿವೃತ್ತರಾಗಿದ್ದರೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಏಳು ಗಂಟೆಗೆ ಶಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕಾಗದ ಡಬ್ಬಿಗೆ ಹಾಕಲೂ ನಮಗೆ ಪುರುಸೊತ್ತಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ 15 ಪೈಸೆಯ ಕಾರ್ಡುಗಳನ್ನೆಲ್ಲ ತೆಗೆದುಕೊಂಡು ಬೆಳಿಗ್ಗೆ ಜಿಪಿಒಗೆ, ಅಂದರೆ ಮುಂಬಯಿಯ ದೊಡ್ಡ ಅಂಚೆ ಕಚೇರಿಗೆ, ನಡೆದು ಹೋಗಿ ಹಾಕುತ್ತಿದ್ದರು.

ಕೊಟ್ಟ ಕೂಡಲೇ ಒಂದೇ ಪ್ರಶ್ನೆ. "ಪಿನ್ ಹಾಕಿಯೇನಪಾ?"

ಒಂದೇ ಹೆಸರಿನ ಊರು ದೇಶದಲ್ಲಿ ಹತ್ತಾರು ಇರುತ್ತವೆ, ಅದಕ್ಕೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು, ಅದರ ಹಿಂದಿದ್ದವರು ಶ್ರೀರಾಮ ಭಿಕಾಜಿ ವೇಲಣಕರ್ ಅನ್ನುವ ಅಧಿಕಾರಿ, ಸಂಸ್ಕೃತ ಕವಿಯೂ ಹೌದು ಅಂತ ನಮಗೆ ಹೇಳಿದ್ದು ಮಾಮ. ಆರು ಅಂಕಿಯಲ್ಲಿ ಮೊದಲ ಮೂರು ಕಾಗದವನ್ನು ಜಿಲ್ಲೆಯ ದಾರಿಗೆ ಹಚ್ಚುತ್ತವೆ, ಕೊನೆಯ ಮೂರು ನಿಮ್ಮೂರ ಅಂಚೆ ಕಚೇರಿಗೆ ಮುಟ್ಟಿಸುತ್ತವೆ ಅಂತ ಬೆರಳು ಮಡಚಿ ತೋರಿಸುತ್ತಿದ್ದರು. ಒಂದು ಭಾನುವಾರ ನಮ್ಮನ್ನೆಲ್ಲ ಜಿಪಿಒ ಎದುರು ನಿಲ್ಲಿಸಿ, "ನೋಡ್ರಿ, ನಮ್ಮೂರ ಗೋಳಗುಮ್ಮಟ ನೋಡಿ ಕಟ್ಟ್ಯಾರ ಇದನ್ನ" ಅಂದರು. 1913ರಲ್ಲಿ ಮುಗಿದ ಕಟ್ಟಡ ಅದು. ಅವತ್ತು ಅವರ ಮುಖದಲ್ಲಿದ್ದ ಹಿಗ್ಗು ನನಗಿನ್ನೂ ನೆನಪಿದೆ.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿಕೊಂಡಿದ್ದೆ, ಅಮ್ಮನಿಗೆ ಕಳಿಸಬೇಕಿತ್ತು. ಫೋಟೋಕ್ಕೇ ದುಡ್ಡು ಮುಗಿದಿತ್ತು. ಹೋಟೆಲಿನ ಕಸದಲ್ಲಿ ಸಿಕ್ಕಿದ ಹಳೆಯ ಲಕೋಟೆಯ ಸ್ಟಾಂಪನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿದೆ. ಮುದ್ರೆಯನ್ನು ಸೋಪು ಹಾಕಿ ಉಜ್ಜಿದೆ. ಅನ್ನದ ಅಗುಳಿನಲ್ಲಿ ಅಂಟಿಸಿ ಮಾಮನ ಕೈಗೆ ಕೊಟ್ಟೆ. ಇಬ್ಬರು ಗೆಳೆಯರೂ ಜೊತೆಗಿದ್ದರು, ಮೂವರಿಗೂ ಗೆದ್ದೆವು ಅನ್ನುವ ಖುಷಿ.

ಅವರು ಬೈಯಲಿಲ್ಲ. ಲಕೋಟೆಯನ್ನು ಮೆಟ್ಟಿಲ ದೀಪಕ್ಕೆ ಹಿಡಿದು ನೋಡಿದರು. "ಇದು ಬೇರಿಂಗ್ ಆಗತದ. ನಿಮ್ಮ ಅವ್ವ ಬಾಗಿಲಾಗ ನಿಂತು ಎರಡು ಪಟ್ಟು ರೊಕ್ಕ ಕೊಡಬೇಕು. ಇರತದೇನು ಆಕಿ ಕಡೆ?" ಅಂದರು.

ಇರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಅಲ್ಲೇ ಅತ್ತುಬಿಟ್ಟೆ. ಮಾಮ ಜೇಬಿನಿಂದ ಹೊಸ ಸ್ಟಾಂಪು ತೆಗೆದು ಹಳೆಯದರ ಮೇಲೇ ಅಂಟಿಸಿದರು. ಪಿನ್ ಹಾಕುವುದನ್ನೂ ಮರೆತಿದ್ದೆ. ಅದನ್ನೂ ಅವರೇ ದೊಡ್ಡದಾಗಿ ಬರೆದರು, 576201. ಮೇಷ್ಟ್ರಿಗೆ ಹೇಳಲೇ ಇಲ್ಲ.

ಆ ವರ್ಷ ಏನೇನು ಪಾಠ ಆಯಿತೋ, ಒಂದೂ ನೆನಪಿಲ್ಲ. ಮುಂದೆ ನಾನು ರಾತ್ರಿ ಕಾಲೇಜು ಮುಗಿಸಿ ಬ್ಯಾಂಕು ಸೇರಿದೆ, ಮ್ಯಾನೇಜರ್ ಆಗಿ ನಿವೃತ್ತನಾದೆ. ಕೌಂಟರಿನಲ್ಲಿ ಬರೆಯಲು ಬಾರದವರು ನಿಂತರೆ ಮ್ಯಾನೇಜರ್ ಆದ ಮೇಲೂ ನಾನೇ ಎದ್ದು ಬಂದು ಫಾರಂ ತುಂಬಿಕೊಡುತ್ತಿದ್ದೆ. ಹಾಗೆ ಮಾಡುವವರು ಆಗಲೂ ಜಾಸ್ತಿ ಜನ ಇರಲಿಲ್ಲ. ಈಗ ಶಾಲೆಯ ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ, ಒಳ್ಳೆಯದೇ. ಆದರೆ ನನ್ನ ಮೊಮ್ಮಗಳಿಗೆ ಸ್ವಂತ ಮನೆಯ ವಿಳಾಸ ಪೂರ್ತಿ ಬರೆಯಲು ಬರಲಿಲ್ಲ. ಅವಳ ಶಾಲೆಯಲ್ಲಿ ಯಾರೂ ಬರೆಸಿಲ್ಲವಂತೆ. ಒಂದು ದಿನವಾದರೂ ಮಕ್ಕಳ ಕೈಯಲ್ಲಿ ಕಾರ್ಡು ಬರೆಸಬಾರದಾ?

ಅಮ್ಮ ಹೋದ ಮೇಲೆ ಅವಳ ಟ್ರಂಕಿನಲ್ಲಿ ಆ ಲಕೋಟೆ ಸಿಕ್ಕಿತು, ಫೋಟೋ ಸಮೇತ. ಎರಡು ಸ್ಟಾಂಪು ಒಂದರ ಮೇಲೊಂದು. ಮಾಮನಿಗೆ ಅದನ್ನು ತೋರಿಸಬೇಕು ಅಂತ ವರ್ಷಗಟ್ಟಲೆ ಅಂದುಕೊಂಡೆ, ವಿಜಾಪುರಕ್ಕೆ ಹೋಗಲೇ ಇಲ್ಲ.

ಅವರ ಮಗಳಿಗೆ ಫೋನ್ ಮಾಡಿದೆ, ಮಾತು ಹೊರಡಲಿಲ್ಲ. ಕೊನೆಗೆ ಒಂದು ಕಾರ್ಡು ಬರೆದೆ. 586101 ಅಂತ ಎರಡು ಸಲ ನೋಡಿಕೊಂಡು, ಫೋರ್ಟಿಗೆ ಹೋಗಿ, ಆ ಗುಮ್ಮಟದ ಕೆಳಗಿನ ಡಬ್ಬಿಗೇ ಹಾಕಿ ಬಂದೆ.