ಕಡಲೆಬೀಜದ ಲೆಕ್ಟಿನ್ ಮತ್ತು ಅಳಿಸಿಹೋದ ಚೀಟಿ

ಚರ್ಮದ ಮೇಲೆ ಬೇಗ ಮಾಯದ ಹುಣ್ಣು ಮಾಡುವ ಲೀಶ್ಮೇನಿಯಾ ಮೇಜರ್ ಎಂಬ ಏಕಕೋಶ ಪರಾವಲಂಬಿಯನ್ನು ಬೆಳೆಸುವ ಪ್ರಯೋಗಾಲಯಕ್ಕೆ ಸೇರಿದಾಗ, ಸೋಂಕು ತಗುಲಿಸಬಲ್ಲ ಪಕ್ವ ಕೋಶಗಳನ್ನು ಉಳಿದವುಗಳಿಂದ ಬೇರ್ಪಡಿಸುವ ಕೆಲಸವನ್ನು ನನಗೆ ಮೊದಲು ಒಪ್ಪಿಸಿದರು.

ಈ ಜೀವಿಯ ಮೈಯನ್ನು ಲೈಪೋಫಾಸ್ಫೋಗ್ಲೈಕನ್ ಎಂಬ ಸಕ್ಕರೆಯ ಸರಪಳಿಗಳು ದಟ್ಟವಾಗಿ ಮುಚ್ಚಿರುತ್ತವೆ. ಎಳೆಯ ಕೋಶಗಳಲ್ಲಿ ಸರಪಳಿಯ ಕವಲುಗಳ ತುದಿಗೆ ಗ್ಯಾಲಕ್ಟೋಸ್ ಎಂಬ ಸಕ್ಕರೆ ಇದ್ದು, ಅದರ ಬಲದಿಂದಲೇ ಅವು ಈ ಸೋಂಕು ಹರಡುವ ಮರಳು ನೊಣದ ಕರುಳಿಗೆ ಅಂಟಿಕೊಂಡು, ಜೀರ್ಣವಾದ ರಕ್ತದೊಂದಿಗೆ ಹೊರಗೆ ಕೊಚ್ಚಿಹೋಗದೆ ಉಳಿಯುತ್ತವೆ. ಕೋಶ ಪಕ್ವವಾದಂತೆ ಆ ತುದಿಗಳ ಮೇಲೆ ಅರಾಬಿನೋಸ್ ಎಂಬ ಇನ್ನೊಂದು ಸಕ್ಕರೆ ಬಂದು ಕೂರುತ್ತದೆ, ಗ್ಯಾಲಕ್ಟೋಸ್ ಮರೆಯಾಗಿ ಹಿಡಿತ ಬಿಡುತ್ತದೆ. ಕಡಲೆಬೀಜದಿಂದ ತೆಗೆದ ಲೆಕ್ಟಿನ್ ಎಂಬ ಪ್ರೋಟೀನೂ ಗ್ಯಾಲಕ್ಟೋಸನ್ನೇ ಹಿಡಿಯುವುದರಿಂದ, ಅದನ್ನು ಮಿಲಿಲೀಟರಿಗೆ 100 ಮೈಕ್ರೋಗ್ರಾಂನಂತೆ ಬೆರೆಸಿದರೆ ಎಳೆಯವು ಗಂಟುಗಟ್ಟಿ ತಳಕ್ಕಿಳಿಯುತ್ತವೆ, ಪಕ್ವವಾದವು ಮೇಲಿನ ದ್ರವದಲ್ಲಿ ಉಳಿಯುತ್ತವೆ. 1985ರಲ್ಲಿ ವರದಿಯಾದ ಈ ಉಪಾಯದಷ್ಟು ಅಗ್ಗವಾದ, ಅಚ್ಚುಕಟ್ಟಾದ ವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ದಿನ, ಆರು ದಿನ ಬೆಳೆದ ಕೋಶಗಳಿಗೆ ಲೆಕ್ಟಿನ್ ಹಾಕಿದರೆ ಒಂದೂ ಗಂಟಾಗಲಿಲ್ಲ. ಎಲ್ಲವೂ ಪಕ್ವವಾಗಿವೆಯೆಂದು ಹಿಗ್ಗಿ, ದಿನಚರಿಯಲ್ಲಿ 'ಉತ್ತಮ ಬೆಳೆ' ಎಂದು ಬರೆದೇ ಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಾಡಿಸಿದ ಹಿರಿಯ ಮೇಡಂ, "ಇವು ಇಷ್ಟು ದಪ್ಪಗಿವೆಯಲ್ಲ, ನೀವು ಯಾವುದರಲ್ಲಿ ತೊಳೆದಿರಿ?" ಎಂದರು. ಪಕ್ವ ಕೋಶದ ಮೈ ಸಣಕಲು, ಬಾಲದಂಥ ಕಶಾಂಗ ಮೈಯ ಎರಡರಷ್ಟು ಉದ್ದ, ಓಟ ಚುರುಕು. ನನ್ನ ಗಾಜಿನ ಮೇಲಿದ್ದವುಗಳಲ್ಲಿ ಹೆಚ್ಚಿನವು ದುಂಡಗೆ, ನಿಧಾನವಾಗಿ ಹೊರಳುತ್ತಿದ್ದವು.

ಹುಡುಕಿದಾಗ ತಪ್ಪು ಸಿಕ್ಕಿತು. ಗಂಟುಗಳನ್ನು ಬಿಡಿಸಲೆಂದು ಗ್ಯಾಲಕ್ಟೋಸ್ ಬೆರೆಸಿಟ್ಟ ಬಫರಿನ (ಕೋಶ ತೊಳೆಯುವ ದ್ರವದ) ಬಾಟಲಿಯೂ ಸಾದಾ ಬಫರಿನ ಬಾಟಲಿಯೂ ಅಕ್ಕಪಕ್ಕದಲ್ಲಿದ್ದವು; ದಿನವೂ ಆಲ್ಕೋಹಾಲಿನಲ್ಲಿ ಒರೆಸಿ ಒರೆಸಿ ಮಾರ್ಕರ್ ಬರಹ ಅಳಿಸಿ, ಚೀಟಿಯಲ್ಲಿ ತಾರೀಖು ಮಾತ್ರ ಉಳಿದಿತ್ತು. ನಾನು ಬಳಸಿದ ದ್ರವದಲ್ಲಿದ್ದ ಬಿಡಿ ಗ್ಯಾಲಕ್ಟೋಸೇ ಲೆಕ್ಟಿನ್ನಿನ ಹಿಡಿಗಳನ್ನೆಲ್ಲ ತುಂಬಿಬಿಟ್ಟಿತ್ತು, ಕೋಶಕ್ಕೆ ಜಾಗವೇ ಇರಲಿಲ್ಲ.

ಗಂಟಾಗದಿರಲು ಕೋಶದ ಸಕ್ಕರೆ ಬದಲಾಗಿರಬಹುದು, ಲೆಕ್ಟಿನ್ನೇ ಕೆಲಸ ಮಾಡದಿರಬಹುದು. ನೋಡಲು ಎರಡೂ ಒಂದೇ. ಹಾಗಾಗಿ ಈಗ ಪ್ರತಿ ಸಲವೂ ಎರಡು ಪುಟ್ಟ ಕೊಳವೆಗಳನ್ನು ಜೊತೆಗಿಡುತ್ತೇನೆ: ಮೂರು ದಿನದ ಎಳೆಯ ಕೋಶಗಳು ಒಂದರಲ್ಲಿ ಲೆಕ್ಟಿನ್ನಿಗೆ ಗಂಟಾಗಲೇಬೇಕು, ಗ್ಯಾಲಕ್ಟೋಸ್ ಸೇರಿಸಿದ ಇನ್ನೊಂದರಲ್ಲಿ ಆಗಲೇಬಾರದು. ಬಾಟಲಿಯ ಚೀಟಿಗಳನ್ನು ಪೆನ್ಸಿಲಿನಲ್ಲಿ ಬರೆದು ಮೇಲೆ ಟೇಪು ಅಂಟಿಸುತ್ತೇವೆ. ಆಲ್ಕೋಹಾಲಿಗೆ ಪೆನ್ಸಿಲ್ ಬರಹ ಅಳಿಯುವುದಿಲ್ಲ.