ಅಜಾಜೇಲನ ಪಾಲಿನ ಆಡು

ಉಡುಪಿಯಿಂದ ಜೆರುಸಲೇಮಿಗೆ ವೃದ್ಧರ ಆರೈಕೆಯ ಕೆಲಸಕ್ಕೆಂದು ಬಂದ ಹೊಸತರಲ್ಲಿ ನಾನು ಕಲಿತ ಹೀಬ್ರೂ ಮಾತುಗಳಲ್ಲಿ ಒಂದು ಬೈಗುಳವೂ ಇತ್ತು. ಬಸ್ಸು ತಪ್ಪಿದರೆ, ನಲ್ಲಿ ಸೋರಿದರೆ, ಯಾರಾದರೂ ಸರತಿ ಮುರಿದು ನುಗ್ಗಿದರೆ ಇಲ್ಲಿನವರು ‘ಲೇಖ್ ಲಅಜಾಜೇಲ್’ ಎನ್ನುತ್ತಾರೆ. ನಮ್ಮ ‘ಹಾಳಾಗಿ ಹೋಗು’ ಎಂಬುದಕ್ಕೆ ಸಮವೆಂದು ತಿಳಿದು ನಾನೂ ಮನಸ್ಸಿನೊಳಗೆ ಅದನ್ನು ಬಳಸುತ್ತಿದ್ದೆ. ಅದರಲ್ಲಿ ಒಬ್ಬನ ಹೆಸರು ಅಡಗಿದೆಯೆಂದು ಗೊತ್ತಾದದ್ದು 2025ರ ಅಕ್ಟೋಬರ್ 2ರಂದು, ಯೋಮ್ ಕಿಪ್ಪುರ್ ದಿನ. ಊರಿನಲ್ಲಿ ಅಂದು ವಿಜಯದಶಮಿ.

ಯೆಹೂದ್ಯರು ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಆ ದಿನ ಇಲ್ಲಿ ವಾಹನಗಳು ಬಹುತೇಕ ಓಡುವುದಿಲ್ಲ. ಮುಖ್ಯರಸ್ತೆಯ ನಡುವೆಯೇ ಮಕ್ಕಳು ಸೈಕಲ್ ಹೊಡೆಯುತ್ತಾರೆ. ನಾನು ನೋಡಿಕೊಳ್ಳುವ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬೆಳಗಿನ ಪ್ರಾರ್ಥನೆಗೆ ಹೊರಟಿದ್ದಾಗ ಮುಂದಿನ ಚಕ್ರ ಚರಂಡಿಯ ಜಾಲರಿಗೆ ಸಿಕ್ಕಿಕೊಂಡಿತು. ಅಜ್ಜಿ ಅದೇ ಬೈಗುಳವನ್ನು ಗಟ್ಟಿಯಾಗಿ ಅಂದು, ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ‘ಇರಲಿ ಬಿಡು, ಇವತ್ತು ಅವನ ಹೆಸರು ಓದುವ ದಿನವೇ’ ಎಂದರು.

ಅಂದು ಓದುವುದು ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯ. ಎರಡು ಆಡುಗಳ ಮೇಲೆ ಚೀಟಿ ಹಾಕಿ ಒಂದನ್ನು ದೇವರಿಗೆ ಬಲಿಕೊಡುತ್ತಿದ್ದರು. ಮಹಾಯಾಜಕನು ಇನ್ನೊಂದರ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಹೊರಿಸಿ, ಅದನ್ನು ಅಡವಿಗೆ, ಅಜಾಜೇಲನ ಪಾಲಿಗೆ ಅಟ್ಟುತ್ತಿದ್ದನು. ಅದರ ಕೊಂಬಿಗೆ ಕೆಂಪು ಉಣ್ಣೆ ಕಟ್ಟಿ, ಕೊನೆಗೆ ಕಡಿದಾದ ಬಂಡೆಯಿಂದ ಹಿಮ್ಮುಖವಾಗಿ ತಳ್ಳುತ್ತಿದ್ದರೆಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಆದರೆ ಅಜಾಜೇಲ ಯಾರೆಂಬುದನ್ನು ಯಾಜಕಕಾಂಡ ಹೇಳುವುದೇ ಇಲ್ಲ.

ಅದನ್ನು ಹೇಳುವುದು ಹನೋಕನ ಗ್ರಂಥವೆಂಬ ಪ್ರಾಚೀನ ಯೆಹೂದಿ ಕೃತಿ. ಯೆಹೂದ್ಯರ ಬೈಬಲಿಗೆ ಅದು ಸೇರಿಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚು ಅದನ್ನು ಪವಿತ್ರವೆಂದು ಉಳಿಸಿಕೊಂಡಿದೆ, ಅದರ ಅರಾಮಿಕ್ ತುಣುಕುಗಳು ಇಲ್ಲಿಗೆ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿವೆ. ಮನುಷ್ಯಸ್ತ್ರೀಯರನ್ನು ಮೋಹಿಸಿ ಹೆರ್ಮೋನ್ ಬೆಟ್ಟಕ್ಕೆ ಇಳಿದ 200 ದೇವದೂತರ ಗುಂಪಿನಲ್ಲಿ ಅಜಾಜೇಲನೂ ಒಬ್ಬ. ಅವನು ಜನರಿಗೆ ಕತ್ತಿ, ಗುರಾಣಿ, ಬಳೆ, ಬಣ್ಣ ಇವುಗಳ ವಿದ್ಯೆಯನ್ನೂ, ಕಣ್ಣಿಗೆ ಕಾಡಿಗೆ ತೀಡುವುದನ್ನೂ ಕಲಿಸಿದನಂತೆ. ಅದಕ್ಕಾಗಿ ರಫಾಯೇಲನೆಂಬ ದೇವದೂತನು ದೇವರ ಆಜ್ಞೆಯಂತೆ ಅವನ ಕೈಕಾಲು ಕಟ್ಟಿ, ಮರುಭೂಮಿಯ ಕುಳಿಗೆ ಎಸೆದು, ಮೇಲೆ ಒರಟು ಕಲ್ಲುಗಳನ್ನು ಹೇರಿ, ಬೆಳಕು ಕಾಣದಂತೆ ಮುಖ ಮುಚ್ಚಬೇಕಾಯಿತು. ಪಾಪವನ್ನೆಲ್ಲ ಅವನ ಲೆಕ್ಕಕ್ಕೇ ಬರೆ ಎಂದೂ ದೇವರು ಹೇಳುತ್ತಾನೆ. ಆ ಸಾಲಿನಲ್ಲಿ ನನಗೆ ಕಂಡದ್ದು ರಾಕ್ಷಸನಿಗಿಂತ ಹೆಚ್ಚಾಗಿ ಇನ್ನೊಂದು ಆಡು. ಕತ್ತಿಯ ಮಾತು ಇರಲಿ, ಕಾಡಿಗೆಯನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿದವರ ಮೇಲೆ ನನಗೆ ಸಿಟ್ಟೇ ಬಂತು.

ಇದೆಲ್ಲವನ್ನೂ ಓದಿದ್ದು ಅಂದು ರಾತ್ರಿ, ಉಪವಾಸ ಮುಗಿದು ಅಜ್ಜಿ ಮಲಗಿದ ಮೇಲೆ. ಫೋನಿನಲ್ಲಿ ಅಮ್ಮ ಹಿಂದಿನ ದಿನ ಕಳಿಸಿದ್ದ ಆಯುಧಪೂಜೆಯ ಚಿತ್ರ ಹಾಗೆಯೇ ಇತ್ತು: ಮಣೆಯ ಮೇಲೆ ಹಾರೆ, ಮೆಟ್ಟುಕತ್ತಿ, ಕತ್ತಿಯ ಅಲಗಿಗೆ ಗಂಧ ಕುಂಕುಮ, ಹಿಡಿಗೆ ಸೇವಂತಿಗೆ. ಅದೇ ವಾರ ಅಡುಗೆಮನೆಯ ನಲ್ಲಿ ಮತ್ತೆ ಸೋರಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘ಹಾಳಾಗಿ ಹೋಗು’ ಎಂದು ಕನ್ನಡದಲ್ಲೇ ಬೈದೆ.