ಮೂರು ಡಬ್ಬಿ, ಒಂದು ಸೋಮವಾರ

ದಾವಣಗೆರೆಯ ನಿಟ್ಟುವಳ್ಳಿ ಕಡೆಯ ಒಂದು ಮನೆ. ಕಿಡ್ನಿ ಸೋತ ಮಾವನಿಗೆ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್, ಅಂದರೆ ಮೆಷಿನ್ನಿನಲ್ಲಿ ರಕ್ತ ಸೋಸುವುದು. ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ, ಸಾಲದ್ದಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮೂರು ವಾರ. ಅವರ ಮಗಳು ಚೊಚ್ಚಲ ಬಾಣಂತನಕ್ಕೆ ಬಂದು 18 ದಿನದ ಕೂಸಿನ ಜೊತೆ ಒಳಕೋಣೆಯಲ್ಲಿದ್ದಾಳೆ. ಇಷ್ಟೂ ಜನರ ನಡುವೆ ಓಡಾಡುವವಳು ಸೊಸೆ ಒಬ್ಬಳೇ.

ಒಂದೊಂದು ಕಾಯಿಲೆಗೂ ಒಬ್ಬೊಬ್ಬ ಡಾಕ್ಟರ್ ಇದ್ದಾರೆ. ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಬೀಳದಂತೆ ಕಾಯುವ ಡಾಕ್ಟರ್ ಮಾತ್ರ ಇಲ್ಲ. ಅದು ಮನೆಯವರದೇ ಕೆಲಸ, ಮತ್ತು ಇಂಥ ಮನೆಗಳಲ್ಲಿ ಹೆಚ್ಚಿನ ಅನಾಹುತ ಆಗುವುದು ಅಲ್ಲೇ.

ಬೆಳಗ್ಗೆ ಐದೂವರೆಗೆ ಮೊದಲ ಮಾತ್ರೆ ಮಗಳದು, ಥೈರಾಯ್ಡ್‌ನದು. ಬರೀ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ ಕುಡಿಯಲು ಕನಿಷ್ಠ ಅರ್ಧ ಗಂಟೆ ಬಿಡಬೇಕು. ಬಾಣಂತಿಗೆ ಕೊಟ್ಟಿರುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಜೊತೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ನಡುವೆ 4 ಗಂಟೆ ಅಂತರ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಕೂಡ ಒಟ್ಟಿಗೆ ಬೇಡ. ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ ಎಂದು ಇಟ್ಟುಕೊಂಡರೆ ಜಗಳವಿಲ್ಲ.

ಮಾತ್ರೆಗೆ ಮೂರು ಡಬ್ಬಿ, ಮೂರು ಬೇರೆ ಬಣ್ಣ, ಮೂರು ಬೇರೆ ಜಾಗ. ಒಂದೇ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಪ್ರಯೋಜನವಿಲ್ಲ. ಕರೆಂಟು ಹೋದಾಗ, ಕೂಸು ಅಳುವಾಗ ಕೈ ತಪ್ಪುತ್ತದೆ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ತಾರೀಖು ಇರುವ ತುದಿ ನಮಗೇ ಬರಲಿ ಎಂದು ಕೇಳಬೇಕು. ಇಲ್ಲದಿದ್ದರೆ ಮನೆಯಲ್ಲಿ ಹೆಸರಿಲ್ಲದ ಬಿಳಿ ಮಾತ್ರೆಗಳೇ ಉಳಿಯುತ್ತವೆ. ಡಬ್ಬಿಗೆ ದಿನದ ಖಾನೆಗಳಿದ್ದರೆ ಇನ್ನೊಂದು ಲಾಭ: ಸೊಸೆ ಎಂಟಕ್ಕೆ ಕೊಟ್ಟಿದ್ದನ್ನು ಮಗ ಒಂಬತ್ತಕ್ಕೆ ಮತ್ತೆ ಕೊಡುವುದಿಲ್ಲ. ಖಾಲಿ ಖಾನೆಯೇ ಸಾಕ್ಷಿ. ಬಿ.ಪಿ. ಮಾತ್ರೆ ಎರಡು ಸಲ ಹೋಗಿ ತಲೆ ತಿರುಗಿ ಬಿದ್ದವರು ಕಡಿಮೆಯಿಲ್ಲ.

ಆರಕ್ಕೆ ಮಾವನ ತೂಕ. ಮೂತ್ರಕ್ಕೆ ಹೋಗಿ ಬಂದ ಮೇಲೆ, ಅದೇ ಪಂಚೆ, ಅದೇ ತಕ್ಕಡಿ. ಅವರ ಒಣತೂಕ 52 ಕಿಲೋ; ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. ಆ ಸೋಮವಾರ 55ಕ್ಕೆ ಮುಟ್ಟಿತ್ತು. ಮುಖ ಊದಿತ್ತು, ರಾತ್ರಿಯಿಡೀ ಎರಡು ದಿಂಬು ಏರಿಸಿಕೊಂಡೇ ಮಲಗಿದ್ದರು.

“ನೀರು ಜಾಸ್ತಿ ಕುಡುದ್ರೇನ್ರಿ ಮಾವ?”

“ಇಲ್ಲವ್ವಾ, ಬಾಟ್ಲಿದಷ್ಟೇ.”

ಅವರು ಸುಳ್ಳು ಹೇಳಿರಲಿಲ್ಲ. ಹಿಂದಿನ ದಿನ ಹೋದ ಮೂತ್ರದ ಲೆಕ್ಕಕ್ಕೆ 500 ಮಿಲಿ ಸೇರಿಸಿ, ಅಷ್ಟನ್ನೇ ಬಾಟ್ಲಿಗೆ ತುಂಬಿಡುವುದು ಪದ್ಧತಿ. ಆದರೆ ಕಾಫಿ, ಮಜ್ಜಿಗೆ, ಸಾರು ಕೂಡ ಆ ಲೆಕ್ಕದೊಳಗೇ ಬರಬೇಕು, ಬಂದಿರಲಿಲ್ಲ. ಭಾನುವಾರ ಬಾಣಂತಿಯನ್ನು ನೋಡಲು ಹರಿಹರದಿಂದ ನೆಂಟರು ಬಂದಿದ್ದರು. ಅವರ ಜೊತೆ ಕೂತು ಮಂಡಕ್ಕಿ ತಿಂದಿದ್ದರು. ಮಂಡಕ್ಕಿ ಭಟ್ಟಿಯಲ್ಲೇ ಉಪ್ಪು ಸೇರಿರುತ್ತದೆ. ಅದಕ್ಕೆ ಖಾರ, ಮೆಣಸಿನಕಾಯಿ ಬೋಂಡಾ ಸೇರಿದರೆ ಬಾಯಾರಿಕೆ ತಡೆಯಲಾಗದು. ಡಯಾಲಿಸಿಸ್‌ನವರಿಗೆ ನೀರು ಕುಡಿಯಬೇಡಿ ಎಂದು ಗದರುವುದು ವ್ಯರ್ಥ, ಉಪ್ಪು ಕಡಿಮೆ ಮಾಡಿದರೆ ನೀರು ತಾನೇ ಇಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಊಟಕ್ಕೆ ಕೂರುವ ಜಾಗದಿಂದಲೇ ದೂರ ಇರಲಿ.

ನೆಂಟರು ತಂದ ಎಳನೀರು ಇದಕ್ಕಿಂತ ದೊಡ್ಡ ಗಂಡಾಂತರ. ರೋಗಿಗೆ ಒಳ್ಳೆಯದೆಂದು ಪ್ರೀತಿಯಿಂದಲೇ ತರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಸೋತವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಸುಳಿವೇ ಕೊಡದೆ ನಿಂತೂ ಹೋಗಬಹುದು. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ವಾರದಲ್ಲಿ ಉದ್ದದ್ದು, ನೆಂಟರು ಬರುವ ಭಾನುವಾರವೂ ಅದರೊಳಗೇ ಬರುತ್ತದೆ. ಎಳನೀರು ಬಾಣಂತಿಗೆ ಸರಿ, ಮಾವನಿಗೆ ಒಂದು ಗುಟುಕೂ ಬೇಡ. ಬಾಳೆಹಣ್ಣು, ಮೋಸಂಬಿ ರಸಕ್ಕೂ ಇದೇ ಮಾತು. ಆಲೂಗಡ್ಡೆ, ಸೊಪ್ಪನ್ನು ಸಣ್ಣಗೆ ಹೆಚ್ಚಿ ಬಹಳ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ ಒಗ್ಗರಣೆ ಹಾಕಬೇಕು. ಬಸ್ಸಾರು ಮಾಡುವ ಮನೆಗಳಲ್ಲಿ ಆ ಕಟ್ಟು ಮಿಕ್ಕವರಿಗೆ ಹೋಗಲಿ.

ಆಟೋ ಹತ್ತುವ ಮೊದಲು ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಮುಟ್ಟಿ ನೋಡಬೇಕು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ನವಿರಾಗಿ ಅದುರುತ್ತದೆ. ಆ ಅದುರು ನಿಂತಿದ್ದರೆ ನಾಳೆ ನೋಡೋಣ ಅನ್ನಬಾರದು, ತಕ್ಷಣ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಬೇಕು; ಹೆಪ್ಪುಗಟ್ಟಿದ ರಕ್ತವನ್ನು ಬೇಗ ತೆಗೆದರೆ ಮಾತ್ರ ಆ ನಾಳ ಉಳಿದೀತು. ಆ ಕೈಗೆ ಬಿ.ಪಿ. ಪಟ್ಟಿ, ಸೂಜಿ, ಗಡಿಯಾರ, ಭಾರದ ಚೀಲ ಯಾವುದೂ ಬೇಡ. ಡಯಾಲಿಸಿಸ್ ದಿನ ಬೆಳಗಿನ ಬಿ.ಪಿ. ಮಾತ್ರೆ ಕೊಡಬೇಕೋ ಬಿಡಬೇಕೋ ಎಂಬುದನ್ನು ಡಾಕ್ಟರ ಕೈಲೇ ಬರೆಸಿಕೊಳ್ಳಿ, ಮೆಷಿನ್ ಮೇಲೆ ಕೆಲವರ ಬಿ.ಪಿ. ಕುಸಿಯುತ್ತದೆ.

ಮಗ ಮಾವನನ್ನು ಕರೆದುಕೊಂಡು ಹೊರಟ. ಸೊಸೆ ಅತ್ತೆಗೆ ಇನ್ಸುಲಿನ್ ಚುಚ್ಚಿದಳು. ಅಷ್ಟರಲ್ಲಿ ಕೂಸು ಹಾಲು ಕಕ್ಕಿತು, ಬಟ್ಟೆ ಬದಲಿಸಬೇಕಾಯಿತು, ಆಸ್ಪತ್ರೆಯಿಂದ ಫೈಲ್ ಮರೆತೆವೆಂದು ಫೋನ್ ಬಂತು. ರೊಟ್ಟಿ ಇನ್ನೂ ತಟ್ಟಿರಲಿಲ್ಲ. ಒಂಬತ್ತರ ಹೊತ್ತಿಗೆ ಅತ್ತೆ ಬೆವತು, ಕೈ ನಡುಗಿ, ಎಂದೋ ತೀರಿಕೊಂಡ ತಂಗಿಯನ್ನು ಕೂಗಿ ಕರೆಯತೊಡಗಿದರು. ಮುಪ್ಪಿನ ಬಡಬಡಿಕೆ ಎಂದು ಬಿಡಬಹುದಿತ್ತು. ಗ್ಲೂಕೋಮೀಟರ್ 58 ತೋರಿಸಿತು.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಊಟ ಕೊಡಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಅತ್ತೆ ಕುಡಿದರು, 92 ಬಂತು, ಆಮೇಲೆ ರೊಟ್ಟಿ.

ಅಂದಿನಿಂದ ಆ ಮನೆಯಲ್ಲಿ ಅಡುಗೆ ಮುಗಿಯದೆ ಸೂಜಿ ಹೊರಗೆ ಬರುವುದಿಲ್ಲ. ಆಪರೇಷನ್ ಆದವರ ಊಟ ಅರ್ಧಕ್ಕೆ ಇಳಿದಿರುತ್ತದೆ, ಇನ್ಸುಲಿನ್ ಹಳೆಯ ಅಳತೆಯಲ್ಲೇ ಹೋಗುತ್ತಿರುತ್ತದೆ. ಆ ವಿಷಯ ಡಾಕ್ಟರಿಗೆ ನಾವೇ ಹೇಳಬೇಕು. ಸಿರಿಂಜಿನ ಮುಚ್ಚಳವನ್ನೂ ನೋಡಿ. ಕೆಂಪು ಮುಚ್ಚಳ 40ರ ಇನ್ಸುಲಿನ್ನಿಗೆ, ಅಂದರೆ ಒಂದು ಮಿಲಿಯಲ್ಲಿ 40 ಯೂನಿಟ್ ಇರುವುದಕ್ಕೆ; ಕಿತ್ತಳೆ ಮುಚ್ಚಳ 100ರದಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್.

ಅತ್ತೆಯ ಮೂಳೆ ನೋವಿಗೆ ಕೊಟ್ಟ ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಗೆ ಬೀಗ ಹಾಕಿದರೂ ತಪ್ಪಲ್ಲ. ಬೆನ್ನು ನೋವೆಂದು ಮಾವ ಅದರಲ್ಲೊಂದು ನುಂಗಿದರೆ ಅಳಿದುಳಿದ ಕಿಡ್ನಿಯ ಶಕ್ತಿಯೂ ಹೋಗಬಹುದು, ಹೊಟ್ಟೆಯಲ್ಲಿ ರಕ್ತ ಒಸರಬಹುದು.

ಇಬ್ಬರು ಹಿರಿಯರ ಗದ್ದಲದಲ್ಲಿ ಬಾಣಂತಿ ಬಾಯಿ ಬಿಡುವುದಿಲ್ಲ. ಅವ್ವನಿಗೆ ಇನ್ನೊಂದು ಹೊರೆ ಯಾಕೆಂದು ಸುಮ್ಮನಿರುತ್ತಾಳೆ, ನನ್ನನ್ನು ಹೆಚ್ಚು ಕಾಡುವುದು ಇದೇ. ಹಾಗಾಗಿ ದಿನಕ್ಕೆರಡು ಸಲ ಕೇಳಿಯೇ ತಿಳಿಯಬೇಕು: ಜ್ವರ ಇದೆಯೇ, ಗಂಟೆಯೊಳಗೆ ಪ್ಯಾಡ್ ತೊಯ್ದು ಹೋಗುತ್ತಿದೆಯೇ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದೆಯೇ, ತಲೆನೋವಿನ ಜೊತೆ ಕಣ್ಣು ಮಂಜಾಗುತ್ತಿದೆಯೇ. ಒಂದಕ್ಕೆ ಹೌದು ಅಂದರೂ ಅಂದೇ ಆಸ್ಪತ್ರೆಗೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ, ಲೋಬಾನದ ಹೊಗೆ ಬೇಡವೇ ಬೇಡ. ಆ ಗಾಳಿ ಕೂಸಿಗೆ ವಿಷ.

ಮಧ್ಯಾಹ್ನ ಮಾವ ವಾಪಸಾದಾಗ ತೂಕ 52.6. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಜಿನುಗಿದರೆ ಬಟ್ಟೆ ಬಿಗಿದು ಕಟ್ಟುವುದಲ್ಲ, ಎರಡು ಬೆರಳಲ್ಲಿ 10–15 ನಿಮಿಷ ಒತ್ತಿ ಹಿಡಿಯಬೇಕು, ನಡುವೆ ತೆಗೆದು ನೋಡಬಾರದು.

ಕಾಗದದ ವಿಷಯ ಒಂದಿಷ್ಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ, ಅದು ತಲೆಗಲ್ಲ, ಇಡೀ ಕುಟುಂಬಕ್ಕೆ. ಒಂದೇ ಕಾರ್ಡಿನಲ್ಲಿ ಇಬ್ಬರು ರೋಗಿಗಳಿದ್ದರೆ ಎಷ್ಟು ಉಳಿದಿದೆ ಎಂದು ಕೇಳಿಟ್ಟುಕೊಳ್ಳಬೇಕು. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡರೆ ಕೌಂಟರಿನಿಂದ ವಾಪಸು ಬರುವುದು ತಪ್ಪುತ್ತದೆ.

ರಾತ್ರಿ ಹತ್ತಕ್ಕೆ ಮೂರು ಡಬ್ಬಿಗೂ ನಾಳೆಯ ಮಾತ್ರೆ ತುಂಬಿ, ಅತ್ತೆಯ ವಾಕರನ್ನು ಮಂಚದ ಬಲಕ್ಕೆ, ಕೈಗೆ ಎಟುಕುವಂತೆ ಇಟ್ಟಾಯಿತು. ಬಚ್ಚಲ ದೀಪ ಬೆಳಗಿನವರೆಗೆ ಉರಿಯಲಿ ಎಂದು ಬಿಟ್ಟರು. “ಕೈ ಕೊಡ್ರಿ ಮಾವ” ಅಂದಳು ಸೊಸೆ. ಒಳಗೆ ಗುಂಯ್‌ಗುಟ್ಟುತ್ತಿತ್ತು.